ಅಪ್ಪನಿಗೆ ರೋಮ್ ತೋರಿಸಬೇಕು. ಲೈವ್ ವರ್ಚುವಲ್ ಟೂರ್ ಮಾಡಿಸಿದರೆ ಸಮಾಧಾನ ಆಗುತ್ತಾ?

ಹಳೇಪಠ್ಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು. ರೋಮ್ ಪಾಠ ಬಂತೆಂದರೆ ಬೋರ್ಡಿನ ಮೇಲೆ ಅಲ್ಲಿನ ಪುರಾತನ ದೇವಾಲಯ ಪ್ಯಾಂಥಿಯಾನಿನ ಗುಮ್ಮಟವನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆದು, ನೆತ್ತಿಯ ತೂತಿನಿಂದ ಬೀಳುವ ಬಿಸಿಲನ್ನು ಸೀಮೆಸುಣ್ಣ ಅಡ್ಡ ಹಿಡಿದು ಉಜ್ಜಿ ತೋರಿಸುತ್ತಿದ್ದರು. ನಾನೂ ಅದೇ ಶಾಲೆಯಲ್ಲಿ ಓದಿದವಳು, ಕಣ್ಣಾರೆ ನೋಡಿದ್ದೇನೆ. ರಿಟೈರ್ ಆದಮೇಲೆ ಹೋಗೋಣ ಅಂತಿದ್ದರು. ಆದರೆ ರಿಟೈರ್ ಆದ ಎರಡನೇ ವರ್ಷಕ್ಕೇ ಶ್ವಾಸಕೋಶ ಕೈಕೊಟ್ಟಿತು. ಈಗ ಆಕ್ಸಿಜನ್ ಯಂತ್ರದ ಕೊಳವೆ ಎಷ್ಟು ದೂರ ಬರುತ್ತದೋ ಅಷ್ಟೇ ಅವರ ಓಡಾಟ. ವಿಮಾನದ ಮಾತೇ ಎತ್ತಬೇಡಿ ಅಂದಿದ್ದಾರೆ ಡಾಕ್ಟರು.

ಗೈಡ್ ಒಬ್ಬರು ಅಲ್ಲೇ ನಡೆಯುತ್ತಾ ಫೋನಿನಲ್ಲಿ ಲೈವ್ ತೋರಿಸುವ ಟೂರ್‌ಗಳಿವೆ ಎಂದು ಕೇಳಿದೆ. ಪುಕ್ಕಟೆ ಸಿಗುವ 360 ಡಿಗ್ರಿ ಚಿತ್ರಗಳೂ ಬೇಕಾದಷ್ಟಿವೆ. ಯಾವುದು ಒಳ್ಳೆಯದು? ಕಣ್ಣಿಗೆ ಕಟ್ಟಿಕೊಂಡು ನೋಡುವ ಹೆಡ್‌ಸೆಟ್ ತೆಗೆದುಕೊಳ್ಳಬೇಕಾ? ಇದೆಲ್ಲಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ. ಆಗದೇ ಹೋದದ್ದನ್ನು ಪರದೆಯ ಮೇಲೆ ತೋರಿಸಿ ಅವರನ್ನು ಇನ್ನಷ್ಟು ನೋಯಿಸಿದ ಹಾಗಾಗುತ್ತದಾ? ಮನೆಯ ಹಿರಿಯರಿಗೆ ಯಾರಾದರೂ ಮಾಡಿಸಿದ್ದರೆ ಹೇಳಿ.

ನಡೆದೇ_ನೋಡು

ಮೇಡಂ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೂ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಪ್ರವಾಸ ಅಂದರೆ ಕಾಲು ನೋಯಬೇಕು, ದಾರಿ ತಪ್ಪಬೇಕು, ಗೊತ್ತಿಲ್ಲದ ಊರಿನ ಗಾಳಿ ಮೂಗಿಗೆ ಹತ್ತಬೇಕು. ಪರದೆಯ ಮೇಲೆ ನೋಡಿದ್ದು ನೋಡಿದ ಹಾಗಷ್ಟೇ, ಹೋದ ಹಾಗಲ್ಲ. ಹತ್ತು ಸಲ ಚಿತ್ರದಲ್ಲಿ ಕಂಡ ಜಾಗಕ್ಕೆ ನಾನು ಕೊನೆಗೊಮ್ಮೆ ಹೋದಾಗ, ಆ ಚಿತ್ರಗಳಲ್ಲಿದ್ದದ್ದು ಒಂದೂ ಅಲ್ಲಿರಲಿಲ್ಲ ಅನ್ನಿಸಿತು. ನಿಮ್ಮ ತಂದೆಯವರು ಜೀವಮಾನವಿಡೀ ಮನಸ್ಸಿನಲ್ಲಿ ಕಟ್ಟಿಕೊಂಡ ರೋಮ್ ಇದೆಯಲ್ಲ, ಅದನ್ನು ಅಲುಗಾಡುವ ಒಂದು ಮೊಬೈಲ್ ವಿಡಿಯೋ ಕೆಡಿಸದಿರಲಿ. ಅಷ್ಟೇ ನನ್ನ ಆತಂಕ.

ಮುಂಜಾವು

ನನಗೆ ಆದದ್ದು ಹೇಳುತ್ತೇನೆ, ಎಚ್ಚರಕ್ಕೆ ಇರಲಿ. ಲೈವ್ ಅಂತ ದುಡ್ಡು ಕಟ್ಟಿಸಿಕೊಂಡ ಒಂದು ಕಡೆಯವರು ಹಳೇ ವಿಡಿಯೋ ಓಡಿಸಿ, ಮೇಲೆ ಮಾತು ಮಾತ್ರ ಆಡುತ್ತಿದ್ದರು. ಗೊತ್ತಾದದ್ದು ಗಡಿಯಾರದಿಂದ. ಚೌಕದ ಗೋಪುರದ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು, ಆ ಊರಿನಲ್ಲಿ ಆಗ ಮಧ್ಯಾಹ್ನ ನಾಲ್ಕು ಗಂಟೆ. ಎಡಕ್ಕೆ ತಿರುಗಿಸಿ ಅಂದರೆ "ಆಮೇಲೆ ನೋಡೋಣ" ಅಂದರು. ಅಮ್ಮ ಪಕ್ಕದಲ್ಲಿ ಕೂತು ಸಂಭ್ರಮದಿಂದ ನೋಡುತ್ತಿದ್ದಳು. ಅವಳಿಗೆ ಹೇಳಲು ಬಾಯಿ ಬರಲಿಲ್ಲ, ಇವತ್ತಿಗೂ ಹೇಳಿಲ್ಲ.

ಶುರುವಾದ ಐದು ನಿಮಿಷದೊಳಗೆ ಗೈಡ್ ಹತ್ತಿರ ಏನಾದರೂ ಒಂದು ಕೆಲಸ ಮಾಡಿಸಿ. ಹಿಂದೆ ತಿರುಗಿ ನೋಡಿ ಅನ್ನಿ, ಅಲ್ಲಿರುವ ಬೋರ್ಡ್ ಓದಿ ಅನ್ನಿ. ಲೈವ್ ಹೌದೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಗಾಲಿಕುರ್ಚಿ

ನಡೆದೇ_ನೋಡು ಸರ್, ನಿಮ್ಮ ಹೆಸರಿನಲ್ಲೇ ನಮ್ಮಂಥವರು ಇಲ್ಲ. ಜಗಳಕ್ಕೆ ಹೇಳುತ್ತಿಲ್ಲ, ಇರುವ ವಿಷಯ ಹೇಳುತ್ತಿದ್ದೇನೆ.

ಹತ್ತೊಂಬತ್ತನೇ ವಯಸ್ಸಿನಿಂದ ಗಾಲಿಕುರ್ಚಿಯಲ್ಲಿದ್ದೇನೆ. ಪ್ರವಾಸ ಮಾಡಿಲ್ಲ ಅಂತಲ್ಲ, ತುಂಬಾ ಮಾಡಿದ್ದೇನೆ. ನಾನು ನೋಡಿದ ಹಳೇ ಕಟ್ಟಡಗಳ ಲೆಕ್ಕಕ್ಕಿಂತ ನಾನು ಕೆಳಗೆ ಕಾದು ಕೂತ ಮೆಟ್ಟಿಲುಗಳ ಲೆಕ್ಕ ಜಾಸ್ತಿ. ಒಂದು ಅರಮನೆಯ ಮುಂದೆ ಏಳು ಮೆಟ್ಟಿಲು. ಏಳೇ ಏಳು. ಮನೆಯವರೆಲ್ಲ ಮೇಲೆ ಹೋಗಿ ಬರುವ ತನಕ ಎರಡು ಗಂಟೆ ಎಲ್ಲರ ಬ್ಯಾಗುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಮೂರನೇ ಮೆಟ್ಟಿಲಿನ ಅಂಚು ಸವೆದು ನಡುವೆ ತಗ್ಗಾಗಿತ್ತು, ಅದೊಂದು ನನಗೆ ಬಾಯಿಪಾಠ. ಆಮೇಲೆ ಅವರು ತೋರಿಸಿದ ಫೋಟೋಗಳಲ್ಲಿ ಅರ್ಧದಷ್ಟು ಅವರದೇ ಮುಖ.

ನಾಜಿಗಳಿಂದ ತಪ್ಪಿಸಿಕೊಳ್ಳಲು ಯಹೂದಿ ಹುಡುಗಿ ಆ್ಯನ್ ಫ್ರಾಂಕ್ ಅಡಗಿದ್ದ ಆಮ್‌ಸ್ಟರ್‌ಡ್ಯಾಮಿನ ಮನೆಯ ಹಿಂಭಾಗ ಗೊತ್ತಲ್ಲ, ಅಲ್ಲಿಗೆ ಹೋಗುವ ಮೆಟ್ಟಿಲು ಏಣಿಯಷ್ಟು ಕಡಿದು. ಕುರ್ಚಿ ಹೋಗುವ ಮಾತೇ ಇಲ್ಲ. 2018ರಲ್ಲಿ ಆ ಮ್ಯೂಸಿಯಂನವರು ಆ ಕೋಣೆಗಳ ವರ್ಚುವಲ್ ರಿಯಾಲಿಟಿ ರೂಪ ತಂದರು. ನಾನು ಅದರಲ್ಲಿ ಹೋಗಿ ನೋಡಿದ್ದೇನೆ. ಕಣ್ಣಿನಿಂದ ನೋಡಿ ಬಂದ ಗೆಳತಿಯ ಹತ್ತಿರ ಮಾತಾಡುವಾಗ ಒಂದು ವಿಷಯ ತಿಳಿಯಿತು. ಅವಳು ನೋಡಿದ ಕೋಣೆಗಳು ಖಾಲಿ. ಆ್ಯನ್‌ಳ ತಂದೆ ಆಟೋ ಫ್ರಾಂಕ್ ಅವರ ಇಚ್ಛೆಯಂತೆ ಅಲ್ಲಿ ಸಾಮಾನು ಇಟ್ಟಿಲ್ಲ. ನಾನು ನೋಡಿದ ಕೋಣೆಗಳಲ್ಲಿ ಮಂಚ, ಮೇಜು, ಅಂದಿನ ಬದುಕಿನ ಸಾಮಾನೆಲ್ಲ ಇತ್ತು. ಅವಳಿಗೆ ಆ ಖಾಲಿತನ ಎದೆಗೆ ತಾಗಿತು. ಅಷ್ಟು ಚಿಕ್ಕ ಜಾಗದಲ್ಲಿ ಎಂಟು ಜನ ಹೇಗೆ ಮಲಗುತ್ತಿದ್ದರು ಅನ್ನುವುದು ನನಗೆ ಕಂಡಿತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಅತ್ತೆವು. ಇದರಲ್ಲಿ ಯಾರದು ಅಸಲಿ ಭೇಟಿ ಅಂತ ನನ್ನನ್ನು ಕೇಳಬೇಡಿ.

ಹಳೇಪಠ್ಯ ಅಕ್ಕ, ನೋಯುತ್ತದಾ ಅಂತ ಕೇಳಿದಿರಿ. ನೋಯಬಹುದು. ಆದರೆ ನೋಯುತ್ತದೆ ಅಂತ ನೀವೇ ತೀರ್ಮಾನ ಮಾಡಿ ತೋರಿಸದೇ ಇದ್ದರೆ, ಅದು ಇನ್ನೊಂದು ತರಹದ ಏಳು ಮೆಟ್ಟಿಲು. ಅವರನ್ನೇ ಕೇಳಿ.

ಹಳೇಪಠ್ಯ

ನಿಮ್ಮ ಕೊನೆಯ ಸಾಲು ಓದಿ ಫೋನ್ ಕೆಳಗಿಟ್ಟೆ. ಇಷ್ಟು ದಿನ ಅವರನ್ನು ಕೇಳಿಯೇ ಇಲ್ಲ, ಗುಟ್ಟಾಗಿ ಏರ್ಪಾಡು ಮಾಡಿ ಆಶ್ಚರ್ಯಪಡಿಸಬೇಕು ಅಂತಿದ್ದೆ. ಇವತ್ತು ಸಂಜೆ ಕೇಳುತ್ತೇನೆ.

ಕ್ಯಾಮೆರಾ_ಕೈ

ನಾನು ಇದೇ ಕೆಲಸ ಮಾಡುವವನು. 2020ರ ಮಾರ್ಚಿನಲ್ಲಿ ಪ್ರವಾಸಿಗರು ಒಂದೇ ಏಟಿಗೆ ನಿಂತುಹೋದಾಗ ನಮ್ಮಂಥ ಗೈಡ್‌ಗಳೆಲ್ಲ ಫೋನ್ ಹಿಡಿದು ಬೀದಿಗಿಳಿದೆವು. ಆ ಏಪ್ರಿಲ್‌ನಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳವರು ಮಾಡಿದ್ದು ನಮಗೆಲ್ಲ ಪಾಠ ಇದ್ದ ಹಾಗೆ. ಹೆಲ್ಮೆಟ್‌ಗೆ ಕ್ಯಾಮೆರಾ ಕಟ್ಟಿಕೊಂಡು ಅಲ್ಲಿಯವರೊಬ್ಬರು ಗುಡ್ಡದಲ್ಲಿ ನಡೆಯುತ್ತಿದ್ದರು. ಎಲ್ಲೋ ಮನೆಯಲ್ಲಿ ಕೂತವರು ಫೋನಿನಲ್ಲಿ ಬಟನ್ ಒತ್ತಿ ಅವರನ್ನು ಎಡಕ್ಕೆ, ಬಲಕ್ಕೆ, ಓಡು ಎಂದು ನಡೆಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ನೋಡುವವರ ಕೈಗೂ ಒಂದು ಕೆಲಸ ಕೊಟ್ಟರೆ ಎಷ್ಟು ಬದಲಾಗುತ್ತದೆ ಅನ್ನುವುದು ನನಗೆ ತಿಳಿದದ್ದು ಅದರಿಂದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಹಳಷ್ಟು ಮ್ಯೂಸಿಯಂ, ಸ್ಮಾರಕಗಳ ಒಳಗೆ ಲೈವ್ ಮಾಡಲು ಬಿಡುವುದಿಲ್ಲ, ಬಿಟ್ಟರೂ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಒಳಗಡೆಯದನ್ನು 360 ಚಿತ್ರದಲ್ಲಿ ನಿಧಾನವಾಗಿ ತೋರಿಸಿ. ಹೊರಗಡೆಯ ಬೀದಿ, ಚೌಕ, ಗೋಡೆಗಳಿಗೆ ಲೈವ್ ಗೈಡ್ ಹಿಡಿಯಿರಿ. ಎರಡನ್ನೂ ಒಂದೇ ದಿನ ಮಾಡಬೇಡಿ.

ಗುಂಪಿನ ಟೂರ್ ಬೇಡ. ನಲವತ್ತು ಜನರಿದ್ದರೆ ನಿಮ್ಮ ತಂದೆಯವರ ಪ್ರಶ್ನೆ ಚಾಟ್‌ನಲ್ಲಿ ಮುಳುಗಿಹೋಗುತ್ತದೆ. ಖರ್ಚು ಹೆಚ್ಚಾದರೂ ಒಬ್ಬರಿಗೇ ಮಾಡುವವರನ್ನು ಹುಡುಕಿ. ಫೋನಿನಲ್ಲಿ ತೋರಿಸಬೇಡಿ, ಟಿವಿಗೆ ಜೋಡಿಸಿ.

ನೋಡುವವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಾನು ತೋರಿಸುವುದು ನಿಮಗೆ ಮೂರು ನಾಲ್ಕು ಸೆಕೆಂಡ್ ತಡವಾಗಿ ಕಾಣುತ್ತದೆ. ನೀವು "ನಿಲ್ಲಿ" ಅನ್ನುವ ಹೊತ್ತಿಗೆ ನಾನು ಆರು ಹೆಜ್ಜೆ ಮುಂದೆ ಹೋಗಿರುತ್ತೇನೆ. ಅದಕ್ಕೇ ನಾನು ಹತ್ತು ಹೆಜ್ಜೆ ನಡೆದು, ನಿಂತು, ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಹಾಗೆ ಎಣಿಸದೆ ಓಡುವ ಗೈಡ್ ಸಿಕ್ಕರೆ ವಯಸ್ಸಾದವರಿಗೆ ಸುಸ್ತು.

ಕ್ಯಾಮೆರಾ ಎರಡು ವಿಷಯಗಳನ್ನು ಕೊಂದುಹಾಕುತ್ತದೆ: ಎತ್ತರ ಮತ್ತು ಇಳಿಜಾರು. ನಲವತ್ತು ಅಡಿಯ ಕಂಬ ಪರದೆಯ ಮೇಲೆ ಮನೆಯ ಕಂಬದ ಹಾಗೆ ಕಾಣುತ್ತದೆ. ಏರು ದಾರಿ ಮಟ್ಟಸವಾಗಿ ಕಾಣುತ್ತದೆ, ನನ್ನ ಏದುಸಿರು ಮಾತ್ರ ಅದು ಏರು ಅಂತ ಹೇಳುತ್ತಿರುತ್ತದೆ. ಆದ್ದರಿಂದ ಗೈಡ್‌ನ ಮೈಯನ್ನು ಬಳಸಿಕೊಳ್ಳಿ. ಕಂಬದ ಪಕ್ಕ ನಿಲ್ಲಿ ಅನ್ನಿ. ಕಲ್ಲು ಮುಟ್ಟಿ, ತಣ್ಣಗಿದೆಯಾ ಬಿಸಿಯಾ ಹೇಳಿ ಅನ್ನಿ. ಒಂದು ನಿಮಿಷ ಮಾತು ನಿಲ್ಲಿಸಿ, ಜಾಗದ ಸದ್ದು ಕೇಳಿಸಿ ಅನ್ನಿ. ಇವನ್ನೆಲ್ಲ ಕೇಳಿದರೆ ನಮಗೆ ಬೇಜಾರಾಗುವುದಿಲ್ಲ, ಖುಷಿಯಾಗುತ್ತದೆ. ಏನೂ ಕೇಳದೆ ಸುಮ್ಮನೆ ಕೂತವರ ಮುಂದೆ ಒಂದು ಗಂಟೆ ಮಾತಾಡುವುದು ಎಷ್ಟು ಕಷ್ಟ ಅಂತ ಪಾಠ ಮಾಡಿದ ನಿಮ್ಮ ತಂದೆಯವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಜೋಡಿಚಿತ್ರ

ಸಣ್ಣ ಸೇರ್ಪಡೆ. ಇದೆಲ್ಲ ಹೊಸ ಹುಚ್ಚು ಅಂದುಕೊಳ್ಳಬೇಡಿ. ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ತೋರಿಸಿ ಆಳ ಹುಟ್ಟಿಸುವ ಸ್ಟೀರಿಯೋಸ್ಕೋಪನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಜಗತ್ತಿಗೆ ವಿವರಿಸಿದ್ದ. ಆಮೇಲೆ ಅಮೆರಿಕದ ಅಂಡರ್‌ವುಡ್ ಕಂಪನಿ ದೇಶದೇಶಗಳ ಜೋಡಿಚಿತ್ರಗಳನ್ನು ಪೆಟ್ಟಿಗೆಗಟ್ಟಲೆ ಮಾರಿತು. ಜೊತೆಗೆ ಪುಸ್ತಕ, ನಕ್ಷೆ. ನೀವು ಯಾವ ಜಾಗದಲ್ಲಿ ನಿಂತು ಯಾವ ದಿಕ್ಕಿಗೆ ನೋಡುತ್ತಿದ್ದೀರಿ ಅಂತ ನಕ್ಷೆಯಲ್ಲಿ ಗೆರೆ ಎಳೆದಿರುತ್ತಿದ್ದರು. ನಕ್ಷೆ ಪಕ್ಕದಲ್ಲಿಟ್ಟುಕೊಂಡು ನೋಡುವ ಆ ಪದ್ಧತಿ ಈಗಲೂ ಒಳ್ಳೆಯದು. ತಂದೆಯವರ ಕೈಗೆ ಒಂದು ಮುದ್ರಿತ ನಕ್ಷೆ ಕೊಡಿ.

ತಲೆಸುತ್ತು

ಹೆಡ್‌ಸೆಟ್ ವಿಷಯಕ್ಕೆ ನನ್ನ ಅನುಭವ. ಅತ್ತೆಗೆ ಹಾಕಿಸಿದ್ದೆವು, ನಾಲ್ಕೇ ನಿಮಿಷಕ್ಕೆ ವಾಂತಿ ಬರುವ ಹಾಗಾಯಿತು. ಕಣ್ಣು ನಡೆಯುತ್ತಿದ್ದೇನೆ ಅನ್ನುತ್ತದೆ, ಒಳಗಿವಿ ಕೂತಿದ್ದೇನೆ ಅನ್ನುತ್ತದೆ, ಆ ತಿಕ್ಕಾಟಕ್ಕೆ ಹೊಟ್ಟೆ ತೊಳಸುತ್ತದೆ. ನಿಂತ ಜಾಗದಿಂದ ಸುತ್ತ ನೋಡುವ ಚಿತ್ರಗಳಲ್ಲಿ ತೊಂದರೆ ಕಡಿಮೆ, ನಡೆಯುವ ವಿಡಿಯೋಗಳಲ್ಲಿ ಹೆಚ್ಚು. ಮೂಗಿನ ಮೇಲೆ ಆಕ್ಸಿಜನ್ ಕೊಳವೆ ಇರುವವರಿಗೆ ಹೆಡ್‌ಸೆಟ್ ಒತ್ತುತ್ತದೆ ಬೇರೆ. ನನ್ನ ಮಾತು ಕೇಳಿ, ಟಿವಿಯೇ ಸಾಕು.

ಬಿಂದುಮೋಡ

ನಾನು ಹಳೇ ಕಟ್ಟಡಗಳನ್ನು ಲೇಸರ್ ಸ್ಕ್ಯಾನ್ ಮಾಡುವ, ಅಂದರೆ ಬೆಳಕಿನ ಕಿರಣದಿಂದ ಬಿಂದು ಬಿಂದುವಾಗಿ ಅಳೆದಿಡುವ ತಂಡದಲ್ಲಿ ಕೆಲಸ ಮಾಡುತ್ತೇನೆ. ನಡೆದೇ_ನೋಡು ಅವರ ಮಾತಿಗೆ ಒಂದು ಉತ್ತರ ಕೊಡಬೇಕೆನಿಸಿತು.

ಫ್ರಾನ್ಸಿನ ಲಾಸ್ಕೋ ಗುಹೆಯ ಕತೆ ನೋಡಿ. 1940ರಲ್ಲಿ ಸಿಕ್ಕಿತು, ಎತ್ತು, ಕುದುರೆ, ಜಿಂಕೆಗಳ ಹದಿನೇಳು ಸಾವಿರ ವರ್ಷ ಹಳೆಯ ಚಿತ್ರಗಳು. ಜನ ಪ್ರೀತಿಯಿಂದಲೇ ಹೋದರು, ದಿನಕ್ಕೆ ಸಾವಿರಕ್ಕೂ ಮೇಲೆ. ಅವರ ಉಸಿರಿನ ತೇವ, ಮೈಯ ಕಾವು, ಇಂಗಾಲದ ಡೈ ಆಕ್ಸೈಡ್ ಸೇರಿ ಗೋಡೆಯ ಮೇಲೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಬಾಗಿಲು ಮುಚ್ಚಿದರು. ಯಾರೂ ಗೀಚಲಿಲ್ಲ, ಕದಿಯಲಿಲ್ಲ. ಉಸಿರಾಡಿದರು, ಅಷ್ಟೇ. ಆ ಪಾಠ ಕಲಿತಿದ್ದರಿಂದಲೇ 1994ರಲ್ಲಿ ಸಿಕ್ಕ ಶೋವೆ ಗುಹೆಯನ್ನು ಸಾರ್ವಜನಿಕರಿಗೆ ತೆರೆಯಲೇ ಇಲ್ಲ. ಅಂಥ ಜಾಗಗಳಿಗೆ ನಾನೂ ನೀವೂ ಹೋಗುವುದಾದರೆ ಪ್ರತಿಕೃತಿಯಲ್ಲಿ, ಇಲ್ಲವೇ ಪರದೆಯಲ್ಲಿ.

ಇನ್ನೊಂದು ಕಡೆ ಬೆಂಕಿ. ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ 2018ರ ಸೆಪ್ಟೆಂಬರ್ 2ರ ರಾತ್ರಿ ಉರಿದುಹೋಯಿತು. ಅದಕ್ಕೂ ಮೊದಲೇ ಗೂಗಲ್‌ನವರು ಒಳಗಿನ ಪಡಸಾಲೆಗಳನ್ನು 360 ಡಿಗ್ರಿಯಲ್ಲಿ ಸೆರೆಹಿಡಿದಿದ್ದರು, ಅದೇ ವರ್ಷ ಡಿಸೆಂಬರ್‌ನಲ್ಲಿ ಅದನ್ನು ಜನರ ಮುಂದಿಟ್ಟರು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು 2019ರ ಏಪ್ರಿಲ್ 15ರಂದು ಹೊತ್ತಿಕೊಂಡಿತು. ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಅದನ್ನು ಲೇಸರ್‌ನಿಂದ 100 ಕೋಟಿಗೂ ಹೆಚ್ಚು ಬಿಂದುಗಳಲ್ಲಿ ಅಳೆದಿಟ್ಟಿದ್ದರು. ಬೆಂಕಿಯ ಸುದ್ದಿ ಕೇಳಲು ಅವರೇ ಇರಲಿಲ್ಲ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು. ಅವರ ಅಳತೆ ಮಾತ್ರ ಉಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಆ ಬಾಗಿಲು ಮತ್ತೆ ತೆರೆದಾಗ ನನಗೆ ಗಂಟಲು ಕಟ್ಟಿತು.

ಹಳೇಪಠ್ಯ ಅವರೇ, ಒಂದು ಕಿವಿಮಾತು. 360 ಚಿತ್ರ ಅಂದರೆ ತ್ರಿಪಾದಿ ನಿಂತ ಜಾಗದಲ್ಲಿ ನೀವೂ ನಿಂತ ಹಾಗೆ. ಕತ್ತು ತಿರುಗಿಸಬಹುದು, ಹೆಜ್ಜೆ ಇಡಲಾಗದು. ಲೇಸರ್ ಸ್ಕ್ಯಾನಿನಿಂದ ಕಟ್ಟಿದ ಮಾದರಿಯಲ್ಲಿ ಹೆಜ್ಜೆ ಇಡಬಹುದು, ಗೋಡೆಗೆ ಹತ್ತಿರ ಹೋಗಬಹುದು. ಪ್ಯಾಂಥಿಯಾನಿನ ಒಳಗೆ 360 ಚಿತ್ರ ಸಾಕಾಗುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ಮಾಡುವುದು ನಡುವೆ ನಿಂತು ಕತ್ತೆತ್ತಿ ನೋಡುವುದನ್ನೇ.

ನಡೆದೇ_ನೋಡು

ಗಾಲಿಕುರ್ಚಿ ಮೇಡಂ, ಆ ಹೆಸರಿನ ಮಾತು ನನ್ನ ಮನಸ್ಸಿಗೆ ತಟ್ಟಿತು. ಕ್ಷಮೆ ಇರಲಿ.

ಆದರೂ ಒಂದು ವಿಷಯ ಬಿಡಲಾರೆ. ಹೋಗಬಲ್ಲವರೂ "ಮನೆಯಿಂದಲೇ ನೋಡಿದರಾಯಿತು" ಅಂದುಕೊಂಡರೆ ಏನಾಗುತ್ತದೆ? ಒಬ್ಬ ಪ್ರವಾಸಿಗ ಬಂದರೆ ಕೋಣೆ ಗುಡಿಸುವವರಿಗೆ, ದೋಣಿ ಹುಟ್ಟುಹಾಕುವವರಿಗೆ, ಬೀದಿಬದಿಯಲ್ಲಿ ಛತ್ರಿ ಮಾರುವವರಿಗೆ ಎಲ್ಲರಿಗೂ ನಾಲ್ಕು ಕಾಸು. ಪರದೆಯ ಟೂರ್‌ನಲ್ಲಿ ದುಡ್ಡು ಗೈಡ್‌ಗೆ ಮತ್ತು ಆ್ಯಪ್‌ನವರಿಗೆ. ಉಳಿದವರ ಪಾಲು ಎಲ್ಲಿ?

ಬಿಂದುಮೋಡ

ನ್ಯಾಯವಾದ ಪ್ರಶ್ನೆ ಸರ್. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ ಅಂತಷ್ಟೇ ಹೇಳಬಲ್ಲೆ. 2018ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಜಗತ್ತಿನ ಹಸಿರುಮನೆ ಅನಿಲದಲ್ಲಿ ಸುಮಾರು ಶೇಕಡಾ 8 ಪ್ರವಾಸೋದ್ಯಮದ್ದು. ಇಟಲಿಯ ವೆನಿಸ್ 2024ರಲ್ಲಿ ದಿನದ ಮಟ್ಟಿಗೆ ಬಂದು ಹೋಗುವವರಿಗೆ ದಟ್ಟಣೆಯ ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಜನ ಬಾರದೆ ಬಡವಾದ ಊರುಗಳೂ ಇವೆ, ಜನ ಬಂದು ಬಂದು ಬಳಲಿದ ಊರುಗಳೂ ಇವೆ.

ಕ್ಯಾಮೆರಾ_ಕೈ

ನನ್ನ ಕೆಲಸದಲ್ಲಿ ಕಂಡದ್ದು ಹೇಳುತ್ತೇನೆ. ನನ್ನ ಲೈವ್ ನೋಡುವವರಲ್ಲಿ ಹೆಚ್ಚಿನವರು ಹೋಗಬಲ್ಲವರಲ್ಲ. ಡಯಾಲಿಸಿಸ್‌ನಲ್ಲಿರುವವರು, ಮಲಗಿದ ಗಂಡನನ್ನು ಬಿಟ್ಟು ಒಂದು ಗಂಟೆಯೂ ಹೊರಹೋಗಲಾರದವರು, ವೀಸಾ ಸಿಗದವರು. ಅವರು ಯಾವ ಹೋಟೆಲಿನ ಕೋಣೆಯನ್ನೂ ಖಾಲಿ ಮಾಡಿಲ್ಲ. ಹೋಗಬಲ್ಲವರು ನೋಡಿದರೆ ಮಾರನೇ ವರ್ಷ ಬಂದೇ ಬರುತ್ತಾರೆ, ಬಂದು ನನ್ನನ್ನೇ ಹುಡುಕುತ್ತಾರೆ.

ಗಾಲಿಕುರ್ಚಿ

ಆ "ಒಂದು ಗಂಟೆಯೂ ಹೊರಹೋಗಲಾರದವರು" ಅನ್ನುವ ಮಾತನ್ನು ಯಾರೂ ದಾಟಿ ಮುಂದೆ ಹೋಗಬೇಡಿ. ನನ್ನನ್ನು ನೋಡಿಕೊಂಡ ಅಮ್ಮ ಇಪ್ಪತ್ತು ವರ್ಷ ಹಾಗೆಯೇ ಇದ್ದಳು.

ಹಳೇಪಠ್ಯ ಅಕ್ಕ, ಏನಾಯಿತು? ಕೇಳಿದಿರಾ?

ಹಳೇಪಠ್ಯ

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ.

ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೈವ್ ಅಂದರೆ ನಾನು ಪ್ರಶ್ನೆ ಕೇಳಬಹುದಾ?" ಅಂದರು. ಹೌದು ಅಂದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹದಿನಾಲ್ಕು ಪ್ರಶ್ನೆ ಬರೆದಿಟ್ಟಿದ್ದರು.

ನೀವು ಹೇಳಿದ ಹಾಗೇ ಮಾಡಿದೆ. ಮೊದಲ ದಿನ ಪ್ಯಾಂಥಿಯಾನಿನ ಒಳಗಿನ 360 ಚಿತ್ರ, ಟಿವಿಯಲ್ಲಿ. ನಾನು ಮೌಸ್ ಹಿಡಿದಿದ್ದೆ, ಅವರು ಹೇಳಿದ ಕಡೆ ತಿರುಗಿಸಿದೆ. ಗುಮ್ಮಟದ ಅಡ್ಡಗಲ 43 ಮೀಟರ್‌ಗೂ ಹೆಚ್ಚು, ನೆಲದಿಂದ ನೆತ್ತಿಗೂ ಅಷ್ಟೇ, ಒಂದು ದೊಡ್ಡ ಚೆಂಡು ಒಳಗೆ ಸರಿಯಾಗಿ ಕೂರುತ್ತದೆ ಅಂತ ತರಗತಿಯಲ್ಲಿ ಹೇಳಿದ ಮಾತನ್ನೇ ಮತ್ತೆ ಹೇಳಿದರು. ನಾನೂ ಮತ್ತೆ ಕೇಳಿಸಿಕೊಂಡೆ.

ಎರಡು ದಿನ ಬಿಟ್ಟು ಲೈವ್. ಜೋಡಿಚಿತ್ರ ಅವರು ಹೇಳಿದ ನಕ್ಷೆ ಅಪ್ಪನ ತೊಡೆಯ ಮೇಲಿತ್ತು. ಗೈಡ್ ಒಬ್ಬ ಹೆಂಗಸು, ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಮುಂಭಾಗದ ಶಾಸನ ತೋರಿಸಿ ಓದಲು ಹೊರಟರು, ಅಷ್ಟರಲ್ಲಿ ಅಪ್ಪನೇ ಇಲ್ಲಿಂದ ಓದಿಬಿಟ್ಟರು. ಮೂರು ಸಲ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ ಆದ ಅಗ್ರಿಪ್ಪ ಕಟ್ಟಿಸಿದ್ದು ಅಂತ ಅಲ್ಲಿ ಬರೆದಿದೆ. "ಆದರೆ ಈಗ ನಿಂತಿರುವುದು ಚಕ್ರವರ್ತಿ ಹೇಡ್ರಿಯನ್ ಕಾಲದ ಕಟ್ಟಡ. ತನ್ನ ಹೆಸರು ಹಾಕದೆ ಹಳೆಯವನ ಹೆಸರನ್ನೇ ಉಳಿಸಿದ. ಪಕ್ಕದ ಗೋಡೆಗೆ ಹೋಗೋಣವಾ, ಇಟ್ಟಿಗೆ ನೋಡಬೇಕು" ಅಂದರು. ಗೈಡ್ ಒಂದು ಕ್ಷಣ ಸುಮ್ಮನಾದರು, ಸಿಗ್ನಲ್ ಹೋಯಿತೇನೋ ಅಂದುಕೊಂಡೆ. ಆ ಕಡೆಗೆ ಬರಲು ಇದುವರೆಗೂ ಯಾರೂ ಕೇಳಿರಲಿಲ್ಲವಂತೆ. ಪಕ್ಕದ ಓಣಿಗೆ ಹೋದರು. ಗೋಡೆಯಲ್ಲಿ ಇಟ್ಟಿಗೆಯ ದೊಡ್ಡ ದೊಡ್ಡ ಕಮಾನುಗಳು, ಗೋಡೆಯೊಳಗೇ ಹುದುಗಿಸಿಟ್ಟ ಹಾಗೆ. ಭಾರವನ್ನೆಲ್ಲ ಆ ಕಮಾನುಗಳು ಹಂಚಿಕೊಂಡು ಗಟ್ಟಿ ಕಂಬಗಳಿಗೆ ದಾಟಿಸುತ್ತವಂತೆ. ಅಪ್ಪ ಎದ್ದು ನಿಂತು ಟಿವಿಯ ಹತ್ತಿರ ಹೋಗಲು ನೋಡಿದರು, ಕೊಳವೆ ಸಾಲಲಿಲ್ಲ. ನಾನು ಟಿವಿಯನ್ನೇ ಹತ್ತಿರ ತಳ್ಳಿದೆ.

ಟಿವಿ ಹತ್ತಿರ ಬಂದದ್ದಕ್ಕೆ ಇರಬೇಕು, ಅದೇನು ಉಸ್ ಉಸ್ ಅನ್ನುತ್ತಿದೆ ಅಂತ ಗೈಡ್ ಕೇಳಿದರು. ಆಕ್ಸಿಜನ್ ಯಂತ್ರ ಅಂತ ಅಪ್ಪನೇ ಹೇಳಿದರು. ಆಮೇಲಿಂದ ಆಕೆಯ ನಡಿಗೆ ನಿಧಾನವಾದದ್ದು ನನಗೆ ಕಂಡಿತು. ಎರಡು ಹೆಜ್ಜೆಗೊಮ್ಮೆ ನಿಂತು ಕಾಯುತ್ತಿದ್ದರು.

ಕ್ಯಾಮೆರಾ_ಕೈ ಸರ್, ಇಳಿಜಾರಿನ ವಿಷಯ ನೀವು ಹೇಳಿದ್ದಿರಲ್ಲ. ಚೌಕ ಕಟ್ಟಡದ ಕಡೆಗೆ ಇಳಿಜಾರಾಗಿದೆ, ಸುತ್ತಲಿನ ನೆಲ ಶತಮಾನಗಳಿಂದ ಎತ್ತರವಾಗುತ್ತಾ ಬಂದು ಹಿಂದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಾಗಕ್ಕೆ ಈಗ ಇಳಿದು ಹೋಗಬೇಕು ಅಂತ ಅಪ್ಪ ಪಾಠದಲ್ಲಿ ಹೇಳುತ್ತಿದ್ದರು. ಟಿವಿಯಲ್ಲಿ ಮಾತ್ರ ಎಲ್ಲ ಸಮತಟ್ಟು. "ಇಳಿಜಾರು ಕಾಣುತ್ತಿಲ್ಲ" ಅಂದರು. ಆಕೆ ಸುತ್ತ ನೋಡಿದರು, ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಕೂತು, ಕಲ್ಲುಹಾಸಿನ ಮೇಲೆ ಸ್ವಲ್ಪ ಸುರಿದರು. ನೀರು ಕಲ್ಲುಗಳ ಸಂದಿಯಲ್ಲಿ ತಡೆದು ತಡೆದು, ಒಂದೊಂದು ಕಲ್ಲು ಸುತ್ತಿ, ಕಂಬಗಳ ಕಡೆಗೆ ಹರಿಯಿತು. ಅಪ್ಪ ಏನೂ ಮಾತಾಡಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಅದೇ ದಿಕ್ಕಿಗೆ ಎಳೆದರು.

ನೋವಾಯಿತಾ ಅಂದರೆ, ಆಯಿತು. ಮುಗಿದು ಪರದೆ ಕಪ್ಪಾದಾಗ ಮುಖ ಆಚೆ ತಿರುಗಿಸಿ ಬಹಳ ಹೊತ್ತು ಕೂತರು. ಊಟಕ್ಕೆ ಕರೆದರೂ ಬರಲಿಲ್ಲ. ರಾತ್ರಿ ಹತ್ತರ ಮೇಲೆ ನೋಟ್‌ಬುಕ್ ಕೇಳಿದರು, ಹದಿನಾಲ್ಕರಲ್ಲಿ ಆರು ಪ್ರಶ್ನೆ ಉಳಿದಿವೆ ಅಂದರು.

ಉಳಿದ ಆರರಲ್ಲಿ ಒಂದು, ಮಳೆ ಬಂದಾಗ ಆ ಚೌಕದ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಅನ್ನುವುದು. ಮಳೆ ಬರುವ ದಿನ ಮೆಸೇಜ್ ಮಾಡುತ್ತೇನೆ, ಛತ್ರಿ ಹಿಡಿದು ತೋರಿಸುತ್ತೇನೆ ಅಂದಿದ್ದಾರೆ ಆಕೆ. ಅಪ್ಪನ ಮೊಬೈಲಿನ ಹವಾಮಾನದಲ್ಲಿ ಈಗ ಮೊದಲು ರೋಮ್ ಬರುತ್ತದೆ. ಗುರುವಾರ ಮಳೆ ತೋರಿಸುತ್ತಿದೆ.